ಕುಬೊ ಹೆಸ್ರು ಎಲ್ರಿಗೂ ಗೊತ್ತು, ಮ್ಯಾಚ್ ನೋಡೋರು ಎಷ್ಟು ಜನ?

ಬಿಡದಿ_ಬೆಂಚ್:
ಸುಮಾರು ದಿನದಿಂದ ತಲೇಲಿ ಕೊರೀತಿದೆ, ಫುಟ್ಬಾಲ್ ನೋಡೋರು ಇಲ್ಲಿ ಇದೀರಲ್ಲ ಅಂತ ಕೇಳ್ತಿದೀನಿ. ನಾನಿರೋದು ಬಿಡದಿ ಕಡೆ ಒಂದು ಫ್ಯಾಕ್ಟರಿಲಿ, ಜಪಾನಿಂದ ಬಂದ ಇಂಜಿನಿಯರ್‌ಗಳು ನಾಲ್ಕೈದು ಜನ ಇದಾರೆ. ಮೊನ್ನೆ ಕ್ಯಾಂಟೀನಲ್ಲಿ ಅವರಲ್ಲಿ ಒಬ್ರ ಎದುರು ಕೂತೆ, ಮಾತಾಡೋಕೆ ಏನಾದ್ರೂ ಬೇಕಲ್ಲ ಅಂತ ನಾನು ತಕೆಫುಸಾ ಕುಬೊ ಫ್ಯಾನು ಸಾರ್ ಅಂದೆ. ‘ಓ, ಕುಬೊ-ಕುನ್’ ಅಂತ ನಕ್ರು. ಅಷ್ಟೇ. ಆಮೇಲೆ ಅನ್ನ ಸಾರು ಮುಗಿದು ಮಜ್ಜಿಗೆ ಕುಡಿಯೋ ತನಕ ಬೇಸ್‌ಬಾಲ್ ಆಡೋ ಒಹ್ತಾನಿ, ಒಹ್ತಾನಿ, ಒಹ್ತಾನಿ. ನಾನು ಮಧ್ಯ ಇನ್ನೊಬ್ಬ ಜಪಾನಿ ಫುಟ್ಬಾಲರ್ ಮಿತೋಮಾ ಹೆಸ್ರು ಅಂದಾಗ ಸ್ವಲ್ಪ ಕಣ್ಣರಳಿಸಿದ್ರು, ಕುಬೊಗೆ ಅದೂ ಇಲ್ಲ.

ನಂಗೆ ಅರ್ಥ ಆಗದೇ ಇರೋದು ಇದು. 10 ವರ್ಷಕ್ಕೆ ಬಾರ್ಸಿಲೋನಾ ಅಕಾಡೆಮಿ, 15ಕ್ಕೆ ಜಪಾನಿನ ಜೆ ಲೀಗ್, 18ಕ್ಕೆ ರಿಯಲ್ ಮ್ಯಾಡ್ರಿಡ್ ಸಹಿ, ಈಗ ಸ್ಪೇನಿನ ಲಾ ಲಿಗಾದಲ್ಲಿ ವರ್ಷಗಟ್ಲೆ ಆಡ್ತಿರೋ ಹುಡ್ಗ. ಇಷ್ಟಿದ್ದೂ ಅವನ ಊರಲ್ಲೇ ಅವನು ಯಾಕೆ ಎರಡನೇ ಮೂರನೇ ಸಾಲು? ಅಥವಾ ನಮ್ಮ ಸಾರ್‌ಗೆ ಫುಟ್ಬಾಲೇ ಇಷ್ಟ ಇಲ್ವಾ?

ಸುಮ್ನೆ_ಸ್ಕ್ರೋಲ್:
ಗುರು ಇದ್ರಲ್ಲಿ ಕನ್ಫ್ಯೂಷನ್ ಏನಿದೆ. ಅಲ್ಲಿ ಬೇಸ್‌ಬಾಲ್, ಇಲ್ಲಿ ಕ್ರಿಕೆಟ್. ನೀನು ಯಾರಾದ್ರೂ ಫಾರಿನರ್ ಬಂದು ‘ನಾನು ಸುನಿಲ್ ಛೆಟ್ರಿ ಫ್ಯಾನು’ ಅಂದ್ರೆ ಎರಡು ನಿಮಿಷ ಮಾತಾಡಿ ಕೊಹ್ಲಿಗೆ ಬರಲ್ವಾ, ಅದೇ.

ಆಸ್ಟಿನ್‌ಟೌನ್_10:
ನಾನು ಬರಲ್ಲ. ಆಸ್ಟಿನ್ ಟೌನಲ್ಲಿ ಹುಟ್ಟಿದೋನು, ನಮ್ ಏರಿಯಾಗೆ ಬಂದು ನೋಡು, ಗೌತಮಪುರದಲ್ಲಿ ಪೆಲೆ ಪ್ರತಿಮೆ ನಿಲ್ಸಿದಾರೆ.

ಸುಮ್ನೆ_ಸ್ಕ್ರೋಲ್:
ನಿಮ್ ಏರಿಯಾ ಬಿಟ್ಟು ಹೇಳಿದ್ದು ಮಾರಾಯ.

ಕವಾಸಾಕಿ_ಕನ್ನಡಿಗ:
ಆರು ವರ್ಷದಿಂದ ಕವಾಸಾಕಿಲಿ ಇದೀನಿ, ಹಾಗಾಗಿ ನಂಗೆ ಕಂಡಿದ್ದು ಹೇಳ್ತೀನಿ, ಉದ್ದ ಆದ್ರೆ ಕ್ಷಮಿಸಿ. ಬೇಸ್‌ಬಾಲ್ ಅನ್ನೋದು ಅರ್ಧ ಉತ್ತರ ಮಾತ್ರ. 2025ರ ಮಾರ್ಚ್ ನೆನಪಿಸ್ಕೊಳ್ಳಿ. 18, 19ನೇ ತಾರೀಕು ಟೋಕಿಯೋ ಡೋಮಲ್ಲಿ ಅಮೆರಿಕದ ಡಾಜರ್ಸ್-ಕಬ್ಸ್ ಬೇಸ್‌ಬಾಲ್ ಮ್ಯಾಚು, ಒಹ್ತಾನಿ ಮನೆಗೆ ಬಂದಿದಾನೆ ಅಂತ ಇಡೀ ದೇಶ ಟಿವಿ ಮುಂದೆ. ಅದು ಮುಗಿದ ಮಾರನೇ ದಿನ, 20ನೇ ತಾರೀಕು, ಸೈತಾಮಾದಲ್ಲಿ ಜಪಾನ್ 2-0 ಬಹ್ರೇನ್. ಮೊದಲನೇ ಗೋಲು ಕಮಾದಾ ಹೊಡೆದ, ಪಾಸ್ ಕೊಟ್ಟಿದ್ದು ಕುಬೊ. ಎರಡನೇದು ಕುಬೊನೇ ಹೊಡೆದ, ಎಡಗಡೆಯಿಂದ, ಆ್ಯಂಗಲ್ಲೇ ಇಲ್ಲದ ಜಾಗದಿಂದ. ಆತಿಥೇಯರು ಮೂರು ದೇಶ ಬಿಟ್ರೆ 2026ರ ವಿಶ್ವಕಪ್‌ಗೆ ಮೊದಲು ಅರ್ಹತೆ ಪಡೆದ ತಂಡ ಜಪಾನ್ ಆಗಿದ್ದು ಆ ರಾತ್ರಿ. ಯಾವ ದೇಶದಲ್ಲಾದ್ರೂ ಅವನನ್ನ ಹೆಗಲ ಮೇಲೆ ಹೊತ್ಕೊಂಡು ಕುಣೀಬೇಕಿತ್ತು. ಮಾರನೇ ದಿನ ನಮ್ಮ ಆಫೀಸಲ್ಲಿ ಮಾತು ಏನು ಗೊತ್ತಾ, ಒಹ್ತಾನಿ ಎರಡನೇ ದಿನ ಹೊಡೆದ ಹೋಮ್ ರನ್ನು.

ರೈಲಲ್ಲಿ ಕೂತ್ರೆ ಒಹ್ತಾನಿ, ಅಂಗಡಿಗೆ ಹೋದ್ರೆ ಟೀ ಬಾಟ್ಲಿ ಮೇಲೆ ಒಹ್ತಾನಿ. ಕುಬೊ ಜಾಹೀರಾತುಗಳೂ ಇವೆ, ಇಲ್ಲ ಅಂತಲ್ಲ, ಆದ್ರೆ ಅದು ಬೇರೆ ಲೆವೆಲ್.

ಇನ್ನೊಂದು ಸಂಗತಿ. ಕುಬೊ ಹುಟ್ಟಿದ್ದು ನಾನಿರೋ ಇದೇ ಕವಾಸಾಕಿಲಿ, 2001ರ ಜೂನ್ 4. ಆದ್ರೆ ಇಲ್ಲಿ ‘ನಮ್ಮ ಹುಡ್ಗ’ ಅಂದ್ರೆ ಮಿತೋಮಾ. ಅವನು, ತನಾಕಾ ಆವೊ, ಇತಾಕುರಾ, ಮೂವರೂ ಚಿಕ್ಕವರಿದ್ದಾಗ ಸಗಿನುಮಾ ಅನ್ನೋ ಒಂದೇ ಏರಿಯಾ ಕ್ಲಬ್‌ನಲ್ಲಿ ಆಡಿದೋರು, ಆಮೇಲೆ ಕವಾಸಾಕಿಯ ದೊಡ್ಡ ಕ್ಲಬ್ ಫ್ರಂಟಾಲೆಗೆ ಹೋದೋರು. ಕುಬೊನೂ ಚಿಕ್ಕೋನಿದ್ದಾಗ ಫ್ರಂಟಾಲೆ ಜೂನಿಯರ್ಸಲ್ಲಿದ್ದ, 2011ರಲ್ಲಿ ಬಾರ್ಸಾಗೆ ಹಾರಿಬಿಟ್ಟ. ವಾಪಸ್ ಬಂದಾಗ ಸೇರಿದ್ದು ಎಫ್‌ಸಿ ಟೋಕಿಯೋ. ಅದು ತಮಾ ನದಿಯ ಆ ಕಡೆ ದಂಡೆ, ಎರಡೂ ಟೀಮ್ ಆಡಿದ್ರೆ ತಮಾಗಾವಾ ಕ್ಲಾಸಿಕೊ ಅಂತಾನೇ ಕರೀತಾರೆ. ಹುಟ್ಟಿದ ಊರಿಗೆ ಎದುರಾಳಿ ಜೆರ್ಸಿ ಹಾಕ್ಕೊಂಡು ಬಂದೋನು.

ಬಿಡದಿ_ಬೆಂಚ್:
ಅಯ್ಯೋ ಇದು ಗೊತ್ತೇ ಇರ್ಲಿಲ್ಲ. ಥ್ಯಾಂಕ್ಸ್ ಸಾರ್. ಹಾಗಾದ್ರೆ ಟೋಕಿಯೋ ಅವ್ರಾದ್ರೂ ನಮ್ಮೋನು ಅನ್ಬೇಕಲ್ಲ?

ಆಸ್ಟಿನ್‌ಟೌನ್_10:
ಅನ್ನೋಕೆ ಟೈಮೇ ಕೊಡ್ಲಿಲ್ಲ ಅವನು. ಲೆಕ್ಕ ನೋಡಿ. 2016 ನವೆಂಬರಲ್ಲಿ ಟೋಕಿಯೋ ಅಂಡರ್-23 ಪರವಾಗಿ ಮೂರನೇ ದರ್ಜೆಯ ಜೆ3ಲಿ ಇಳಿದಾಗ 15 ವರ್ಷ 5 ತಿಂಗಳು. ಮುಂದಿನ ಏಪ್ರಿಲಲ್ಲಿ ಗೋಲು ಹೊಡೆದು ಜೆ ಲೀಗ್ ಇತಿಹಾಸದಲ್ಲೇ ಅತಿ ಚಿಕ್ಕ ಸ್ಕೋರರ್. 2018ರಲ್ಲಿ ಸ್ವಲ್ಪ ದಿನ ಯೊಕೊಹಾಮಾ ಮರಿನೋಸ್ ಕ್ಲಬ್‌ಗೆ ಲೋನ್, ಅಂದ್ರೆ ಎರವಲು. 2019ರಲ್ಲಿ ನಿಜವಾಗ್ಲೂ ಮೊದಲ ದರ್ಜೆಯ ಜೆ1ಲಿ ಮಿಂಚೋಕೆ ಶುರು ಮಾಡ್ದ, 13 ಮ್ಯಾಚು 4 ಗೋಲು, ಟೋಕಿಯೋ ಟೇಬಲ್ ಟಾಪಲ್ಲಿತ್ತು. ಜೂನಲ್ಲಿ 18 ತುಂಬ್ತು, ಎಲ್ ಸಾಲ್ವಡಾರ್ ಎದುರು ಜಪಾನ್ ಪರ ಮೊದಲ ಮ್ಯಾಚ್ ಆಡ್ದ, ಅದೇ ವಾರ ಮ್ಯಾಡ್ರಿಡ್ ಅನೌನ್ಸ್‌ಮೆಂಟು, ಹೋದ. ಟೋಕಿಯೋ ಕೊನೆಗೆ ಎರಡನೇ ಸ್ಥಾನ, ಕಪ್ ಮರಿನೋಸ್‌ಗೆ ಹೋಯ್ತು. ಸ್ಟೇಡಿಯಂಗೆ ಟಿಕೆಟ್ ತಗೊಂಡು ಹೋಗೋ ಜನಕ್ಕೆ ಇವನು ಸಿಕ್ಕಿದ್ದು ಅರ್ಧ ಸೀಸನ್ನು ಸ್ವಾಮಿ.

ಮಿತೋಮಾ ಉಲ್ಟಾ. 18 ವರ್ಷಕ್ಕೆ ಫ್ರಂಟಾಲೆ ಕರೆದ್ರೂ ಬೇಡ ಅಂತ ತ್ಸುಕುಬಾ ಯೂನಿವರ್ಸಿಟಿಗೆ ಹೋದ, ಡ್ರಿಬ್ಲಿಂಗ್ ಮೇಲೆ ಥೀಸಿಸ್ ಬರೆದ, ಟೀಮ್‌ಮೇಟ್ಸ್ ತಲೆಗೆ ಕ್ಯಾಮೆರಾ ಕಟ್ಟಿ ಅವ್ರು ಎಲ್ಲಿ ನೋಡ್ತಾರೆ ಅಂತ ಸ್ಟಡಿ ಮಾಡಿದ್ನಂತೆ. ಆಮೇಲೆ 2020ರಲ್ಲಿ ಮೊದಲನೇ ವರ್ಷನೇ ಲೀಗಲ್ಲಿ 13 ಗೋಲು, ಫ್ರಂಟಾಲೆ ಚಾಂಪಿಯನ್. ಅಂಥ ಕಥೆ ಯಾರಿಗೆ ಇಷ್ಟ ಆಗಲ್ಲ ಹೇಳಿ, ಓದಿದ ಹುಡ್ಗ, ನಿಧಾನಕ್ಕೆ ಬಂದ, ಮನೆಯವ್ರೆಲ್ಲಾ ಒಪ್ಪೋ ಥರ.

ಹುಬ್ಳಿ_ಹಾಫ್‌ಬ್ಯಾಕ್:
ಕಥಿ ಗಿಥಿ ಬಿಡ್ರಿ, ನಾ ಒಂದು ಮಾತು ನೇರ ಹೇಳ್ತೀನಿ. ದೊಡ್ಡ ಮ್ಯಾಚಿನ್ಯಾಗ ಏನ್ ಮಾಡ್ಯಾನ ಅನ್ನೋದಷ್ಟ ಜನಾ ನೆನಪಿಡ್ತಾರ. 2022ರ ವರ್ಲ್ಡ್ ಕಪ್ ತಗೋರಿ. ಜರ್ಮನಿ ಮ್ಯಾಚಿನ್ಯಾಗ ಶುರುವಿಗೆ ಇದ್ದ, ಹಾಫ್ ಟೈಮಿಗೆ ಹೊರಗ ಕರದ್ರು. ಸ್ಪೇನ್ ಮ್ಯಾಚಿನ್ಯಾಗೂ ಹಾಫ್ ಟೈಮಿಗೆ ಹೊರಗ, ಇವನ ಜಾಗಾಕ್ಕ ದೋವಾನ್ ಬಂದು ಮೂರು ನಿಮಿಷದಾಗ ಗೋಲ್ ಹೊಡದ! ಆಮ್ಯಾಲೆ ಮಿತೋಮಾ ಗೆರಿ ಮ್ಯಾಲಿಂದ ಬಾಲ್ ತಿರುಗಿಸಿ ಒಳಗ ಕೊಟ್ಟಿದ್ದು, ಬಾಲ್ ಗೆರಿ ಪೂರಾ ದಾಟಿಲ್ಲ ಅಂತ ತೋರಿಸೋ ಆ 1 ಮಿಲಿಮೀಟರ್ ಫೋಟೋ, ಅದು ಜಗತ್ತಿನಾಗ ಎಲ್ಲಾರೂ ನೋಡ್ಯಾರ. ಕ್ರೊವೇಷಿಯಾ ಮ್ಯಾಚಿಗೆ ಇವಂಗ ಆರಾಮಿಲ್ಲ. ಇಡೀ ಜಪಾನ್ ರಾತ್ರಿ ಎಚ್ಚರಿದ್ದು ನೋಡಿದ ಟೂರ್ನಮೆಂಟಿನ್ಯಾಗ ಇವಂದು ಅಂತ ಒಂದು ಫೋಟೋ ಇಲ್ಲ. ಪಾಪ್ಯುಲ್ಯಾರಿಟಿ ಎಲ್ಲಿಂದ ಬರಬೇಕ್ರಿ?

ಕುಡ್ಲದ_ಕಿಕ್:
ನೀವು ಹೇಳುದು ಸರಿಯೇ, ಆದ್ರೆ ಅದು ಕೋಚ್ ಮೊರಿಯಾಸು ಅವರ ಪ್ಲಾನ್ ಮಾರಾಯ್ರೆ. ಫಸ್ಟ್ ಹಾಫ್ ಓಡಿ ಓಡಿ ಅಡ್ಡ ನಿಲ್ಲುದು, ಸೆಕೆಂಡ್ ಹಾಫಲ್ಲಿ ಫ್ರೆಶ್ ಕಾಲಿನವರನ್ನು ಬಿಡುದು. ಓಡಿ ಸುಸ್ತಾದವರ ಫೋಟೋ ಯಾರು ತೆಗೀತಾರೆ. ಮಿತೋಮಾ ಕೂಡ ಕ್ರೊವೇಷಿಯಾ ಮ್ಯಾಚಲ್ಲಿ ಪೆನಾಲ್ಟಿ ಮಿಸ್ ಮಾಡಿದ್ದು ಉಂಟು, ಅದನ್ನು ಯಾರೂ ಎತ್ತುದಿಲ್ಲ ನೋಡಿ.

ಹುಬ್ಳಿ_ಹಾಫ್‌ಬ್ಯಾಕ್:
ಎತ್ತೂದಿಲ್ಲ ಯಾಕಂದ್ರ ಅವಾ ಮದ್ಲ ಕೊಟ್ಟಿದ್ದ. ಸಾಲಾ ಕೊಟ್ಟಾಂವಗ ಒಂದ್ಸಲ ತಪ್ಪಿದ್ರ ಬಿಡ್ತಾರ.

ಕುಡ್ಲದ_ಕಿಕ್:
ಹ್ಹ ಹ್ಹ, ಇದಕ್ಕೆ ನನ್ನತ್ರ ಉತ್ತರ ಇಲ್ಲ.

ಗೋಲ್_ಇಲ್ಲದ_ಗೋಪಿ:
ಹೆಸ್ರೂ ಕುಬೊ ಹೈಟೂ ಕುಬ್ಜ 😂 5 ಅಡಿ 8 ಇಂಚಿಗೆ ಸ್ಟಾರ್ ಆಗ್ತಾರಾ

ಆಸ್ಟಿನ್‌ಟೌನ್_10:
ಮೆಸ್ಸಿ ಇನ್ನೂ ಒಂದಿಂಚು ಕಮ್ಮಿ. ನಡಿ ಮುಂದೆ.

ಬಾಸ್ಕ್_ಬಿಸಿಬೇಳೆ:
ನಾನು ಸ್ಯಾನ್ ಸೆಬಾಸ್ಟಿಯನ್‌ನಲ್ಲಿ ಪಿಎಚ್‌ಡಿ ಮಾಡ್ತಿದೀನಿ, ಇಲ್ಲಿನವರು ದೊನೊಸ್ತಿಯಾ ಅಂತಾರೆ. ಕುಬೊ ಆಡೋ ರಿಯಲ್ ಸೊಸಿಯೆದಾದ್ ಸ್ಪೇನಿನ ಇದೇ ಊರಿನ ಕ್ಲಬ್ಬು. ಈ ಊರಿಗೆ ಬರೋಕೆ ಮುಂಚೆ ಫುಟ್ಬಾಲ್ ಅಂದ್ರೆ ನಂಗೆ ಅಣ್ಣ ರಿಮೋಟ್ ಕೊಡದೇ ಇರೋ ಕಾರಣ ಅಷ್ಟೇ. ಇಲ್ಲಿಗೆ ಬಂದ್ಮೇಲೆ ತಪ್ಪಿಸ್ಕೊಳ್ಳೋಕೆ ಆಗಲ್ಲ. ಎರಡು ಲಕ್ಷನೂ ಇಲ್ಲ ಊರಿನ ಜನ, ಸ್ಟೇಡಿಯಂಗೆ ಹತ್ತಿರ ಹತ್ತಿರ 40 ಸಾವಿರ ಹಿಡಿಯತ್ತೆ, ಅಂದ್ರೆ ನೀವೇ ಲೆಕ್ಕ ಹಾಕ್ಕೊಳ್ಳಿ. ಮ್ಯಾಚ್ ದಿನ ಬಸ್ಸಲ್ಲಿ ಅಜ್ಜಿಯರು ಕೂಡ ನೀಲಿ-ಬಿಳಿ ಸ್ಕಾರ್ಫ್ ಸುತ್ಕೊಂಡು ಕೂತಿರ್ತಾರೆ.

ಇಲ್ಲಿ ಯಾರೂ ಅವನನ್ನ ಕುಬೊ ಅನ್ನಲ್ಲ, ‘ತಾಕೆ’. ನಮ್ಮ ಮನೆ ಓನರಮ್ಮನಿಗೆ ಎಪ್ಪತ್ತು ದಾಟಿದೆ, ತಾಕೆ ಆಡ್ದೇ ಇರೋ ದಿನ ಬೇಜಾರು ಮಾಡ್ಕೊತಾರೆ, ಮೊಮ್ಮಗನಿಗೆ ಮೈ ಹುಷಾರಿಲ್ಲ ಅನ್ನೋ ಥರ. ಈ ಕ್ಲಬ್ಬಲ್ಲಿ 1989ರ ತನಕ ಬಹಳ ವರ್ಷ ಬಾಸ್ಕ್, ಅಂದ್ರೆ ಈ ಪ್ರದೇಶದ ಹುಡುಗರನ್ನ ಬಿಟ್ಟು ಬೇರೆಯವರನ್ನ ಸೇರಿಸ್ತಾನೇ ಇರ್ಲಿಲ್ಲ, ಆ ವರ್ಷ ಜಾನ್ ಆಲ್ಡ್ರಿಜ್ ಅಂತ ಲಿವರ್‌ಪೂಲ್ ಸ್ಟ್ರೈಕರ್‌ನ ತಂದಾಗ ಊರಲ್ಲಿ ದೊಡ್ಡ ಜಗಳ ಆಗಿತ್ತಂತೆ. ಅಂಥ ಜಾಗದಲ್ಲಿ ಜಪಾನಿ ಹುಡುಗನ್ನ ಹೀಗೆ ಮನೆ ಮಗ ಮಾಡ್ಕೊಂಡಿದಾರೆ ಅಂದ್ರೆ ಅದು ಸಣ್ಣ ವಿಷಯ ಅಲ್ಲ ಅಂತ ನನ್ನ ಅನಿಸಿಕೆ. ಸ್ಪ್ಯಾನಿಷ್ ಅವನು ನಮ್ಮ ಥರ ತಡವರಿಸಿ ಮಾತಾಡಲ್ಲ, ಇಲ್ಲೇ ಬೆಳೆದವರ ಹಾಗೆ ಮಾತಾಡ್ತಾನೆ, ತಮಾಷೆ ಮಾಡ್ತಾನೆ, ಅದೂ ದೊಡ್ಡ ಕಾರಣ.

ಬಿಡದಿ_ಬೆಂಚ್:
ಅಕ್ಕ ಜಪಾನಿ ಟೂರಿಸ್ಟುಗಳು ಇವನಿಗೋಸ್ಕರ ಬರ್ತಾರಾ?

ಬಾಸ್ಕ್_ಬಿಸಿಬೇಳೆ:
ಬರ್ತಾರೆ, ಕ್ಲಬ್ ಅಂಗಡಿಲಿ 14ನೇ ನಂಬರ್ ಜೆರ್ಸಿ ಹಿಡ್ಕೊಂಡು ಕ್ಯೂ ನಿಂತಿರೋರನ್ನ ನೋಡಿದೀನಿ. ಆದ್ರೆ ಜಪಾನಿನವರು ಈ ಊರಿಗೆ ಊಟಕ್ಕೋಸ್ಕರ ಅವನಿಗಿಂತ ಮುಂಚಿಂದಾನೂ ಬರ್ತಿದ್ರು. ಹಳೇ ಊರಿನ ಗಲ್ಲಿಗಳಲ್ಲಿ ಪಿಂಚೋಸ್ ತಿನ್ನೋಕೆ, ಅಂದ್ರೆ ಬ್ರೆಡ್ ಮೇಲೆ ಮೀನು ಗೀನು ಏನೇನೋ ಇಟ್ಟು ಕಡ್ಡಿ ಚುಚ್ಚಿರ್ತಾರಲ್ಲ ಅದು. ನಂಗೆ ವೆಜ್ ಸಿಗೋದೇ ಎರಡೋ ಮೂರೋ. ಈಗ ಊಟ ಪ್ಲಸ್ ಮ್ಯಾಚು. ಕ್ಲಬ್‌ನವರು 2024ರಲ್ಲಿ, 2025ರಲ್ಲಿ ಎರಡು ವರ್ಷನೂ ಜಪಾನಿಗೆ ಹೋಗಿ ಆಡಿ ಬಂದ್ರು, ಸುಮ್ನೆ ಅಲ್ಲ.

ಸುಮ್ನೆ_ಸ್ಕ್ರೋಲ್:
ಅಂದ್ರೆ ಜೆರ್ಸಿ ಮಾರೋಕೆ ತಗೊಂಡಿರೋ ಪ್ಲೇಯರ್ ಅನ್ನಿ. ಏಷ್ಯಾ ಪ್ಲೇಯರ್ ತಗೊಂಡ್ರೆ ಮಾರ್ಕೆಟಿಂಗ್ ಬಜೆಟ್ಟು ಅಂತಾರಲ್ಲ ಹಂಗೆ.

ಕುಡ್ಲದ_ಕಿಕ್:
ಈ ಮಾತಿಗೆ ಮಾತ್ರ ನಂಗೆ ಪಿತ್ತ ನೆತ್ತಿಗೇರುದು. ಎಂತ ಜೆರ್ಸಿ ಮಾರುದು? 2022-23ರಲ್ಲಿ ಬಂದ ವರ್ಷ ಲೀಗಲ್ಲಿ 9 ಗೋಲು ಹೊಡೆದಿದ್ದಾನೆ. ಮೊದಲ ಮ್ಯಾಚು ಕಾದಿಸ್ ಎದುರು, 1-0, ಗೋಲು ಅವನದ್ದೇ. ಆ ವರ್ಷ ಅವನು ಗೋಲು ಹೊಡೆದ ಲೀಗ್ ಮ್ಯಾಚು ಒಂದನ್ನೂ ಸೊಸಿಯೆದಾದ್ ಸೋತಿಲ್ಲ, ಡ್ರಾ ಕೂಡ ಇಲ್ಲ, ಎಲ್ಲ ಗೆಲುವು. ಮೇ ತಿಂಗಳಲ್ಲಿ ಮ್ಯಾಡ್ರಿಡ್ ಬಂದಾಗ 2-0, ಮೊದಲ ಗೋಲು ಇವನು, ಅವರ ಡಿಫೆಂಡರ್ ಮಿಲಿಟಾವೊ ಹಿಂದೆ ಕೊಟ್ಟ ಬಾಲನ್ನು ಹಾರಿಸಿಕೊಂಡು ಹೋಗಿ ಹೊಡೆದದ್ದು. ಟೀಮು 4ನೇ ಸ್ಥಾನಕ್ಕೆ ಬಂದು ಚಾಂಪಿಯನ್ಸ್ ಲೀಗಿಗೆ ಹೋಯ್ತು, ಅಲ್ಲಿ ಇಂಟರ್ ಮಿಲಾನ್ ಇದ್ದ ಗ್ರೂಪಲ್ಲಿ ಟಾಪ್ ಬಂತು. 2023ರ ಸೆಪ್ಟೆಂಬರಿಗೆ ಲಾ ಲಿಗಾ ತಿಂಗಳ ಆಟಗಾರ ಇವನೇ. ಮಾರ್ಕೆಟಿಂಗ್ ಬಜೆಟ್ಟಲ್ಲಿ ಇಷ್ಟೆಲ್ಲ ಬರ್ತದಾ?

ಸುಮ್ನೆ_ಸ್ಕ್ರೋಲ್:
ಸರಿ ಸರಿ ತಪ್ಪಾಯ್ತು ಬಿಡಿ 🙏 ಈ 9 ಗೋಲು 9 ಗೆಲುವು ನಂಗೆ ಗೊತ್ತಿರ್ಲಿಲ್ಲ. ಆದ್ರೆ ನೋಡಿ, ನಂಗೆ ಗೊತ್ತಿರ್ಲಿಲ್ಲ ಅನ್ನೋದೇ ಪಾಯಿಂಟ್ ಅಲ್ವಾ. ಮಿತೋಮಾ ಚೆಲ್ಸಿ ಎದುರು 2025 ಫೆಬ್ರವರಿಲಿ ಹೊಡೆದಿದ್ದು, ಆಕಾಶದಿಂದ ಬಂದ ಬಾಲನ್ನ ಬೂಟ್ ತುದೀಲಿ ಹೂವಿನ ಥರ ಇಳಿಸ್ಕೊಂಡ್ನಲ್ಲ, ಅದು ನಂಗೆ ಹತ್ತು ಗ್ರೂಪಿಂದ ಬಂತು, ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲೂ ಬಂತು. ಕುಬೊ ಗೋಲು ಒಂದೂ ಬಂದಿಲ್ಲ. ಮಿತೋಮಾ ಥರ ಇಂಗ್ಲೆಂಡಿನ ಪ್ರೀಮಿಯರ್ ಲೀಗಲ್ಲಿದ್ರೆ ಒಂದು ಬೆಲೆ, ಲಾ ಲಿಗಾದಲ್ಲಿ ಮ್ಯಾಡ್ರಿಡ್-ಬಾರ್ಸಾ ಬಿಟ್ರೆ ಬೇರೆಯವ್ರು ಲೆಕ್ಕಕ್ಕಿಲ್ಲ.

ಆಸ್ಟಿನ್‌ಟೌನ್_10:
ಇದು ಒಪ್ತೀನಿ, ಹೊಟ್ಟೆ ಉರಿದ್ರೂ ಒಪ್ತೀನಿ. ನಮ್ಮ ದೇಶದಲ್ಲೇ ನೋಡಿ, 2018ರಿಂದ 2021ರ ತನಕ ಲಾ ಲಿಗಾ ಫೇಸ್‌ಬುಕ್ಕಲ್ಲಿ ಪುಕ್ಸಟ್ಟೆ ಬರ್ತಿತ್ತು. ಮ್ಯಾಡ್ರಿಡ್ ಕುಬೊನ ಲೋನ್ ಕೊಟ್ಟಿದ್ದ ಮಯ್ಯೋರ್ಕಾ ಕ್ಲಬ್ ಮ್ಯಾಚುಗಳನ್ನ ನಾನು ಮೊಬೈಲಲ್ಲಿ ನೋಡಿದ್ದು ಆಗಲೇ. 35 ಮ್ಯಾಚ್ ಆಡಿದ್ದ ಆ ಲೀಗ್ ಸೀಸನ್ನು, 4 ಗೋಲು, ಟೀಮ್ ರೆಲಿಗೇಟ್ ಆಯ್ತು, ಅಂದ್ರೆ ಕೆಳಗಿನ ಲೀಗಿಗೆ ಇಳೀತು, ಆದ್ರೆ ಈ ಹುಡ್ಗ ಕಣ್ಣಿಗೆ ಬಿದ್ದ. ಆಮೇಲೆ ಹಕ್ಕು ಅವ್ರಿಗೆ ಹೋಯ್ತು ಇವ್ರಿಗೆ ಹೋಯ್ತು, ಜನ ಹುಡುಕೋದೇ ಬಿಟ್ರು. ಅವನು ಚೆನ್ನಾಗಿ ಆಡೋಕೆ ಶುರು ಮಾಡಿದ್ದು ನಾವು ನೋಡೋದು ಬಿಟ್ಟ ಮೇಲೆ!

ಕವಾಸಾಕಿ_ಕನ್ನಡಿಗ:
ಇದೇ ಕಥೆ ಇಲ್ಲೂ. ಜಪಾನಲ್ಲಿ ಮುಂಚೆ ನ್ಯಾಷನಲ್ ಟೀಮ್ ಮ್ಯಾಚು ಅಂದ್ರೆ ಮನೆ ಟಿವೀಲಿ ಎಲ್ರೂ ನೋಡೋದು. ಈಗ ವಿಶ್ವಕಪ್ ಕ್ವಾಲಿಫೈಯರಲ್ಲಿ ಹೊರದೇಶದಲ್ಲಿ ಆಡೋ ಮ್ಯಾಚುಗಳು ದುಡ್ಡು ಕಟ್ಟೋ ಆ್ಯಪಲ್ಲಿ ಮಾತ್ರ ಬಂದಿದ್ದು. ನಮ್ಮ ಪಕ್ಕದ ಮನೆ ಅಜ್ಜನಿಗೆ ಕುಬೊ ಮುಖ ಗೊತ್ತು, ಆಟ ಗೊತ್ತಿಲ್ಲ. ಒಹ್ತಾನಿ ಆಟ ಬೆಳಗ್ಗೆ ಎದ್ರೆ ಸಾರ್ವಜನಿಕ ಟಿವೀಲೇ ಬರತ್ತೆ, ಕಾಫಿ ಕುಡೀತಾ ನೋಡಬಹುದು. ಯುರೋಪ್ ಫುಟ್ಬಾಲ್ ನಡುರಾತ್ರಿ, ಬೆಳಗಿನ ಜಾವ. ನಾಳೆ ಆಫೀಸಿರೋನು ಯಾವಾಗ ಮಲಗೋದು.

ಇನ್ನೊಂದು, ಇದು ನನ್ನ ಸ್ವಂತ ಅಭಿಪ್ರಾಯ, ಬೈಬೇಡಿ. ಇಲ್ಲಿಯ ಜನಕ್ಕೆ ಕುಬೊ ವಿಷಯದಲ್ಲಿ ಸ್ವಲ್ಪ ಸುಸ್ತು ಆಗಿದೆ. 8 ವರ್ಷದವನಿದ್ದಾಗ ಬಾರ್ಸಾ ಕ್ಯಾಂಪಲ್ಲಿ ಬೆಸ್ಟ್ ಪ್ಲೇಯರ್ ಆದಾಗಿಂದ ಪೇಪರಲ್ಲಿ ಬರ್ತಿದಾನೆ. ‘ಜಪಾನಿನ ಮೆಸ್ಸಿ’ ಅಂತ ಹಣೆಪಟ್ಟಿ. ಹತ್ತು ಹದಿನೈದು ವರ್ಷ ಕೇಳಿ ಕೇಳಿ, ಅವನು ನಿಜವಾಗ್ಲೂ ಒಳ್ಳೇ ಪ್ಲೇಯರ್ ಆಗಿ ನಿಂತಾಗ ಜನ ‘ಹೌದಪ್ಪ, ಗೊತ್ತಿತ್ತಲ್ಲ’ ಅಂದ್ರು. ಆಶ್ಚರ್ಯನೇ ಉಳೀಲಿಲ್ಲ.

ಹುಬ್ಳಿ_ಹಾಫ್‌ಬ್ಯಾಕ್:
ಇದು ಖರೇ ಮಾತು ನೋಡ್ರಿ. ಮದುವಿ ಊಟದ ಸುದ್ದಿ ಒಂದು ತಿಂಗಳು ಮದ್ಲ ಹೇಳಿದ್ರ, ಊಟ ಎಷ್ಟ ಚಲೋ ಇದ್ರೂ ‘ಇಷ್ಟೇನಾ’ ಅನಸ್ತೈತಿ.

ಆಸ್ಟಿನ್‌ಟೌನ್_10:
ಬಾರ್ಸಾ ವಿಷಯ ಬಂತಲ್ಲ, ಅದ್ರಲ್ಲಿ ಅವನ ತಪ್ಪು ಏನೂ ಇರ್ಲಿಲ್ಲ ಅಂತ ಸುಮಾರು ಜನಕ್ಕೆ ಗೊತ್ತಿಲ್ಲ. ಅವನು ಆಟ ಸಾಲದೆ ವಾಪಸ್ ಬಂದಿದ್ದಲ್ಲ. 18ಕ್ಕಿಂತ ಚಿಕ್ಕ ಫಾರಿನ್ ಮಕ್ಕಳನ್ನ ರೂಲ್ಸ್ ಮೀರಿ ಸೇರಿಸ್ಕೊಂಡಿದೀರಿ ಅಂತ 2014ರಲ್ಲಿ ಫಿಫಾ ಬಾರ್ಸಾಗೆ ಶಿಕ್ಷೆ ಕೊಟ್ಟಿದ್ದು, ಆ ಮಕ್ಕಳು ಪ್ರಾಕ್ಟೀಸ್ ಮಾಡಬಹುದು ಮ್ಯಾಚ್ ಆಡೋ ಹಾಗಿಲ್ಲ ಅಂತಾಯ್ತು. ಕುಬೊ 2015ರಲ್ಲಿ ಮನೆಗೆ ಬಂದ. ಕೊರಿಯಾದ ಲೀ ಸಿಯುಂಗ್-ವೂ ಅಲ್ಲೇ ಕಾದು ಕೂತ, ಅವನಿಗೆ ‘ಕೊರಿಯಾದ ಮೆಸ್ಸಿ’ ಅಂತಿದ್ರು. ಆ ವರ್ಷಗಳು ಹಾಳಾದ್ವು, ಇಟಲಿ ಬೆಲ್ಜಿಯಂ ಎಲ್ಲಾ ಸುತ್ತಿ ಈಗ ಕೊರಿಯಾ ಲೀಗಲ್ಲಿದಾನೆ. ಒಂದೇ ಅಕಾಡೆಮಿ, ಒಂದೇ ಶಿಕ್ಷೆ. ಅದಕ್ಕೇ ನಂಗೆ ಕುಬೊ ಮೇಲೆ ಗೌರವ, ಅವನು ಹಣೆಪಟ್ಟಿ ಹೊತ್ಕೊಂಡೇ ಬದುಕಿ ಉಳಿದ.

ಬಿಡದಿ_ಬೆಂಚ್:
ಮ್ಯಾಡ್ರಿಡಲ್ಲಿ ಒಂದೂ ಮ್ಯಾಚ್ ಆಡಿಸ್ಲಿಲ್ವಲ್ಲ, ಅದು ಅವನ ಹೆಸರಿಗೆ ಹೊಡೆತ ಬಿತ್ತಾ?

ಆಸ್ಟಿನ್‌ಟೌನ್_10:
ಫ್ರೆಂಡ್ಲಿ ಬಿಟ್ರೆ ಒಂದೂ ಇಲ್ಲ. ಸ್ಪೇನಲ್ಲಿ ಯುರೋಪ್ ಪಾಸ್‌ಪೋರ್ಟ್ ಇಲ್ಲದೋರು ಟೀಮಲ್ಲಿ ಮೂರೇ ಜನ ಇರ್ಬೇಕು, ಆ ಮೂರು ಸೀಟಲ್ಲಿ ವಿನಿಶಿಯಸ್, ರೊಡ್ರಿಗೊ, ಮಿಲಿಟಾವೊ ಕೂತಿದ್ರು. ಯಾರನ್ನ ಎಬ್ಬಿಸ್ತೀರ ಹೇಳಿ. ಹಾಗಾಗಿ ಲೋನು ಲೋನು ಲೋನು. ಮಯ್ಯೋರ್ಕಾ, ವಿಯ್ಯಾರಿಯಾಲ್, ಹೆತಾಫೆ, ಮತ್ತೆ ಮಯ್ಯೋರ್ಕಾ. ಮೂರು ವರ್ಷಕ್ಕೆ ನಾಲ್ಕು ಲೋನು. ಕೋಚ್ ಎಮರಿ ಹತ್ರ ವಿಯ್ಯಾರಿಯಾಲಲ್ಲಿ ಬೆಂಚು, ಬೇಜಾರಾಗಿ ಜನವರಿಲಿ ಬಿಟ್ಟ, ಆ ಟೀಮು ಮೇ ತಿಂಗಳಲ್ಲಿ ಯುರೋಪಾ ಲೀಗ್ ಕಪ್ ಎತ್ತಿಬಿಡ್ತು! ಅವನ ಹಣೆಬರಹ ನೋಡಿ. ಹೆತಾಫೆಲಿ ಮಾತ್ರ ಲೆವಾಂತೆ ಎದುರು ಕೊನೇ ಘಳಿಗೇಲಿ ಒಂದು ಹೊಡೆದ, ಆ ಗೆಲುವಲ್ಲಿ ಟೀಮ್ ರೆಲಿಗೇಷನಿಂದ ಬಚಾವಾಯ್ತು. 2021 ಡಿಸೆಂಬರಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್‌ನ ಅವ್ರ ಮನೇಲೇ ಇಂಜುರಿ ಟೈಮಲ್ಲಿ ಹೊಡೆದು ಮಯ್ಯೋರ್ಕಾಗೆ 2-1. ಅದೆಲ್ಲಾ ಬೇರೆಯವರ ಮನೆ ಹಬ್ಬಕ್ಕೆ ಹೋಗಿ ಹೋಳಿಗೆ ತಟ್ಟಿ ಬಂದ ಹಾಗೆ, ಯಾರ ಲೆಕ್ಕಕ್ಕೂ ಸಿಗಲ್ಲ.

ಕುಡ್ಲದ_ಕಿಕ್:
ಎರಡನೇ ಮಯ್ಯೋರ್ಕಾ ವರ್ಷ ಕೊರಿಯಾದ ಇನ್ನೊಬ್ಬ ಲೀ, ಲೀ ಕಾಂಗ್-ಇನ್ ಕೂಡ ಅಲ್ಲೇ ಇದ್ದ, ಇಬ್ರೂ 2001ರವರು, ಒಳ್ಳೆ ದೋಸ್ತಿ. ಕೊರಿಯಾದಲ್ಲಿ ಲೀ ಎಷ್ಟು ದೊಡ್ಡ ಸ್ಟಾರ್ ಅಂತ ನೋಡಿ. ಪ್ಯಾರಿಸಿನ ಪಿಎಸ್‌ಜಿ ಕ್ಲಬ್ಬಿಗೆ ಹೋದ, ಚಾಂಪಿಯನ್ಸ್ ಲೀಗ್ ಮೆಡಲ್ ಕೂಡ ಬಂತು. ಆದ್ರೆ ವಾರ ವಾರ ಯಾರು ಜಾಸ್ತಿ ಆಡಿದ್ದು ಅಂತ ನೋಡಿದ್ರೆ ಕುಬೊ. ಹೆಸರು ಬೇಕೋ ಆಟ ಬೇಕೋ ಅಂತ ಕೇಳಿದ್ರೆ ನಾನಾದ್ರೆ ಆಟ ಅಂತೇನೆ.

ಹುಬ್ಳಿ_ಹಾಫ್‌ಬ್ಯಾಕ್:
ನಿಮಗ ಯಾರೂ ಕೇಳೂದಿಲ್ಲ ಬಿಡ್ರಿ 😄

ಕುಡ್ಲದ_ಕಿಕ್:
ಹೌದು ಮಾರಾಯ್ರೆ, ನಮ್ಮ ಟೀಮಲ್ಲಿ ನಂಗೆ ಬಾಲ್ ಹೆಕ್ಕುವ ಕೆಲಸ.

ಕವಾಸಾಕಿ_ಕನ್ನಡಿಗ:
ಒಂದು ವಿಷಯ ಯಾರೂ ಹೇಳ್ಲಿಲ್ಲ, ನಂಗೆ ಅದೇ ಎಲ್ಲಕ್ಕಿಂತ ಬೇಜಾರಿಂದು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್. ಸ್ವಂತ ದೇಶದಲ್ಲಿ, 20 ವರ್ಷದ ಹುಡ್ಗ. ಮೊದಲ ಮ್ಯಾಚು ದಕ್ಷಿಣ ಆಫ್ರಿಕಾ ಎದುರು, 1-0, ಗೋಲು ಕುಬೊ. ಅದು ಆಡಿದ್ದು ಎಲ್ಲಿ ಗೊತ್ತಾ, ಎಫ್‌ಸಿ ಟೋಕಿಯೋ ಆಡೋ ಅದೇ ಸ್ಟೇಡಿಯಂ, ಅವನ ಹಳೇ ಮನೆ. ಎರಡನೇದು ಮೆಕ್ಸಿಕೊ, ಮತ್ತೆ ಗೋಲು. ಮೂರನೇದು ಫ್ರಾನ್ಸ್, 4-0, ಮತ್ತೆ ಗೋಲು. ಮೂರು ಮ್ಯಾಚು ಮೂರು ಗೋಲು, ಮನೆ ಅಂಗಳದಲ್ಲಿ. ಸ್ಟ್ಯಾಂಡಲ್ಲಿ ಒಬ್ಬನೇ ಒಬ್ಬ ಪ್ರೇಕ್ಷಕ ಇಲ್ಲ. ಕೋವಿಡ್. ಟಿವೀಲಿ ಬಾಲ್ ಒದ್ದ ಸದ್ದು, ಗೋಲ್‌ಕೀಪರ್ ಕೂಗೋದು ಎಲ್ಲಾ ಕೇಳ್ತಿತ್ತು. ಸೆಮಿಫೈನಲಲ್ಲಿ ಸ್ಪೇನ್ ಅಸೆನ್ಸಿಯೋ ಎಕ್ಸ್‌ಟ್ರಾ ಟೈಮಲ್ಲಿ ಹೊಡೆದ, ಅವನೂ ಮ್ಯಾಡ್ರಿಡ್ ಹುಡ್ಗನೇ. ಕಂಚಿನ ಮ್ಯಾಚಲ್ಲಿ ಮೆಕ್ಸಿಕೊ 3-1. ಆಮೇಲೆ ಕುಬೊ ಹುಲ್ಲಿನ ಮೇಲೆ ಬಿದ್ದು ಅತ್ತ, ಚಿಕ್ಕ ಮಕ್ಕಳ ಥರ, ಖಾಲಿ ಸ್ಟೇಡಿಯಂ ಮಧ್ಯೆ.

ನಾನಿರೋ ಊರಿಂದ ಆ ಸ್ಟೇಡಿಯಂಗಳು ಎಲ್ಲಾ ಒಂದೆರಡು ಗಂಟೆ ದಾರಿ. ನಾನು ಮನೇಲಿ ಸೋಫಾ ಮೇಲೆ ಕೂತಿದ್ದೆ, ಹೋಗೋ ಹಾಗಿರ್ಲಿಲ್ಲ. ಆ ಮೂರು ರಾತ್ರಿ ಸ್ಟೇಡಿಯಂ ತುಂಬಿದ್ದಿದ್ರೆ ಇವತ್ತು ಬಿಡದಿ ಕ್ಯಾಂಟೀನಲ್ಲಿ ಆ ಸಾರ್ ಬೇರೆ ಥರ ಮಾತಾಡ್ತಿದ್ರೇನೋ.

ಬಾಸ್ಕ್_ಬಿಸಿಬೇಳೆ:
ಇದು ಓದಿ ಗಂಟಲು ಕಟ್ಟಿತು ಸಾರ್.

ಗೋಲ್_ಇಲ್ಲದ_ಗೋಪಿ:
ಸಾರಿ ಕುಬ್ಜ ಅಂದಿದ್ದಕ್ಕೆ. ಸುಮ್ನೆ ಅಂದಿದ್ದು.

ಹುಬ್ಳಿ_ಹಾಫ್‌ಬ್ಯಾಕ್:
ನಾನೂ ಸ್ವಲ್ಪ ಇಳೀತೀನಿ. ಆದ್ರ ಫುಟ್ಬಾಲಿನ್ಯಾಗ ಜಪಾನಿನವ್ರು ಈಗ ಒಬ್ಬಾಂವನ ಮ್ಯಾಲೆ ನಿಂತಿಲ್ಲ ಅನ್ನೂದೂ ಒಂದು ಕಾರಣ ಐತಿ. ನಕಾತಾ 1998ರಾಗ ಇಟಲಿಯ ಪೆರೂಜಾ ಕ್ಲಬ್ಬಿಗೆ ಹೋದಾಗ ಯುರೋಪಿನ್ಯಾಗ ಅವರಿಗೆ ಕಾಣತಿದ್ದಾಂವ ಅವನೊಬ್ಬನ, ಹಂಗಾಗಿ ದೇಶಕ್ಕ ದೇಶನ ಅವನ ಹಿಂದ. ಆಮ್ಯಾಲೆ ಕಗಾವಾ ಮ್ಯಾಂಚೆಸ್ಟರ್, ಹೋಂಡಾ ಮಿಲಾನ್ 10 ನಂಬರ್. ಈಗ ನೋಡ್ರಿ, ಎಂಡೊ ಲಿವರ್‌ಪೂಲ್, ಮಿತೋಮಾ, ದೋವಾನ್, ಕಮಾದಾ, ಪೂರಾ ಟೀಮ್ ಯುರೋಪಿನ್ಯಾಗ ಐತಿ. 2025 ಅಕ್ಟೋಬರಿನ್ಯಾಗ ಬ್ರೆಜಿಲ್‌ಗ 0-2 ಇಂದ 3-2 ಮಾಡಿ ಸೋಲಿಸಿದ್ರು, ಇತಿಹಾಸದಾಗ ಮೊದಲ ಸಲ, ಆ ಮೂರು ಗೋಲಿನ್ಯಾಗ ಕುಬೊಂದು ಒಂದೂ ಇಲ್ಲ, ಮಿತೋಮಾಂದೂ ಇಲ್ಲ. ಹನ್ನೊಂದು ಮಂದಿ ಹಂಚಿಕೊಂಡ್ರ ಒಬ್ಬೊಬ್ಬಂಗ ಸಿಗೂದು ಒಂದೊಂದ ಚೂರು.

ಸುಮ್ನೆ_ಸ್ಕ್ರೋಲ್:
ಹುಬ್ಳಿ ಸಾರ್ ಮೊದಲೇ ಇದು ಹೇಳಿದ್ರೆ ಜಗಳನೇ ಆಗ್ತಿರ್ಲಿಲ್ಲ.

ಹುಬ್ಳಿ_ಹಾಫ್‌ಬ್ಯಾಕ್:
ಜಗಳಾ ಇಲ್ದ ಮಜಾ ಎಲ್ಲೈತ್ರಿ.

ಬಿಡದಿ_ಬೆಂಚ್:
ಅಪ್ಡೇಟ್ ಕೊಡ್ತೀನಿ. ಇವತ್ತು ಮತ್ತೆ ಅದೇ ಸಾರ್ ಸಿಕ್ರು. ಕವಾಸಾಕಿ ಸಾರ್ ಹೇಳಿದ್ದು ತಲೇಲಿತ್ತು, ಹಾಗಾಗಿ ‘ಒಲಿಂಪಿಕ್ಸ್ ನೋಡಿದ್ರಾ, ಕುಬೊ ಅತ್ತಿದ್ದು’ ಅಂತ ಕೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ ಮೊಬೈಲ್ ತೆಗೆದು ಮಗನ ಫೋಟೋ ತೋರಿಸಿದ್ರು, ಜಪಾನಿನ ಐಚಿಲಿ ಇದಾನೆ, ಐದನೇ ಕ್ಲಾಸು, ನೀಲಿ-ಬಿಳಿ ಪಟ್ಟಿ ಜೆರ್ಸಿ, ಬೆನ್ನಲ್ಲಿ 14. ‘ಇವನು ಎಡಗಾಲು. ಬೇಸ್‌ಬಾಲ್ ಬಾ ಅಂದ್ರೆ ಬರಲ್ಲ’ ಅಂದ್ರು, ಸ್ವಲ್ಪ ಬೇಜಾರಲ್ಲೇ ಅಂದ್ರು ಅನ್ಸತ್ತೆ. ಭಾನುವಾರ ರಾತ್ರಿ 10ಕ್ಕೆ ಅಲ್ಲಿ ಮ್ಯಾಚ್ ಶುರು ಆಗತ್ತಂತೆ, ಸ್ಕೂಲ್ ಇದೆ ಅಂತ ಅವರ ಹೆಂಡ್ತಿ ಬೈತಾರಂತೆ, ಇವ್ರು ಇಲ್ಲಿಂದ ಫೋನ್ ಮಾಡಿ ಫಸ್ಟ್ ಹಾಫ್ ನೋಡ್ಲಿ ಬಿಡು ಅಂತಾರಂತೆ.

ಬಾಸ್ಕ್_ಬಿಸಿಬೇಳೆ:
ಅದಕ್ಕೇ ನೋಡಿ ಇಲ್ಲಿ ಮಧ್ಯಾಹ್ನ 2 ಗಂಟೆಗೆ ಮ್ಯಾಚ್ ಇಟ್ರೆ ನಮ್ಮ ಓನರಮ್ಮ ಗೊಣಗೋದು, ಊಟದ ಹೊತ್ತಲ್ಲಿ ಯಾರು ಆಡ್ತಾರೆ, ಎಲ್ಲಾ ತಾಕೆ ಊರಿನವರಿಗೋಸ್ಕರ ಅಂತ. ಗೊಣಗಿ ಟಿವಿ ಹಾಕಿ ಕೂರ್ತಾರೆ, ಸಾರು ಒಲೆ ಮೇಲೆ ಆರ್ತಿರತ್ತೆ.

ಆಸ್ಟಿನ್‌ಟೌನ್_10:
2 ಗಂಟೆ ಅಂದ್ರೆ ಚಳಿಗಾಲದಲ್ಲಿ ನಮಗೆ ಸಂಜೆ 6.30. ಈ ಭಾನುವಾರ ನಮ್ಮ ಮನೇಲಿ ಹಾಕ್ತೀನಿ, ಬೆಂಗಳೂರಲ್ಲಿ ಇರೋರು ಬನ್ನಿ. ಬಿಡದಿ ಬ್ರದರ್, ಸಾರ್‌ನೂ ಕರ್ಕೊಂಡು ಬಾ.

ಬಿಡದಿ_ಬೆಂಚ್:
ನಂಗೆ ಸೆಕೆಂಡ್ ಶಿಫ್ಟ್ ಇದೆ ಗುರು. ಸಾರ್‌ನ ಕೇಳ್ತೀನಿ, ಒಹ್ತಾನಿ ಬಗ್ಗೆ ಮಾತಾಡಿದ್ರೆ ಬೇಜಾರ್ ಮಾಡ್ಕೋಬೇಡ.

ಹುಬ್ಳಿ_ಹಾಫ್‌ಬ್ಯಾಕ್:
ಮಿರ್ಚಿ ಭಜಿ ಮಾಡ್ತೀರಿ ಅಂದ್ರ ಹುಬ್ಳಿಂದ ನಾನೂ ಹೊಂಡ್ತೀನಿ.